ನೆಲದಡಿಯ ತೇವ, ಎದೆಯೊಳಗಿನ ಉಬ್ಬಸ

ಹಳೆಯ ಮನೆಯನ್ನು ಹೊಸದಾಗಿಸುವ ಉತ್ಸಾಹ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈಗ ಎಲ್ಲೆಡೆ ಕಾಣುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದಾಗಲೋ ಮಗನ ಲಗ್ನ ಗೊತ್ತಾದಾಗಲೋ ಗೌಂಡಿಗೆ ಹೇಳಿಕಳಿಸುತ್ತೇವೆ. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಬರುತ್ತದೆ. ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಬಣ್ಣ. ಕೊನೆಗೆ ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಇಲ್ಲವೆ ಗ್ರಾನೈಟ್. ಗೃಹಪ್ರವೇಶಕ್ಕೆ ಬಂದವರೆಲ್ಲ ನೆಲ ನೋಡಿ ಹೊಗಳುತ್ತಾರೆ. ಆ ನೆಲದ ಕೆಳಗೆ ಏನು ಹಾಕಿಸಿದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ವೈದ್ಯರಿಗೂ ಗೌಂಡಿ ಕೆಲಸಕ್ಕೂ ಏನು ಸಂಬಂಧ ಎಂದು ಓದುಗರಿಗೆ ಅನಿಸಬಹುದು. ಸಂಬಂಧವಿದೆ. ಮಳೆಗಾಲದಲ್ಲೂ ಮಾಗಿಯ ಚಳಿಯಲ್ಲೂ ದವಾಖಾನೆಗೆ ಮತ್ತೆ ಮತ್ತೆ ಬರುವ ಉಬ್ಬಸದ ಮಕ್ಕಳು, ರಾತ್ರಿಯಿಡೀ ಕೆಮ್ಮುವ ಹಿರಿಯರು, ಬೆಳಿಗ್ಗೆ ಎದ್ದಾಗ ಮೊಣಕಾಲು ಮಡಿಸಲಾಗದ ತಾಯಂದಿರು - ಇವರಿಗೆ ಗುಳಿಗೆ, ಔಷಧಿ ಕೊಡುವಾಗ ನಾನು ಒಂದು ಪ್ರಶ್ನೆ ಕೇಳುವುದುಂಟು: "ಎಲ್ಲಿ ಮಲಗುತ್ತೀರಿ? ನೆಲ ಹೇಗಿದೆ?" ಉತ್ತರ ಬಹಳ ಸಲ ಒಂದೇ ತರಹ ಇರುತ್ತದೆ. ಮನೆ ಹೊಸದು ಮಾಡಿಸಿದ್ದೇವೆ, ಆದರೆ ಕೆಳಗಿನ ಕೋಣೆಯ ನೆಲ ಬಹಳ ಥಂಡಿ, ಹಾಸಿಗೆ ಎತ್ತಿದರೆ ಅಡಿಭಾಗ ತೇವ, ಗೋಡೆಯ ಬುಡದಲ್ಲಿ ಬಣ್ಣ ಉದುರಿ ಬಿಳಿ ಉಪ್ಪು ಮೂಡುತ್ತದೆ.

ಹಳೆಯ ಮನೆಗೆ ಹಣ ಹಾಕುವವರು ಮೊದಲ ರೂಪಾಯಿಯನ್ನು ನೆಲದ ಕೆಳಗೆ ಹಾಕಬೇಕು, ಹೊಳಪಿನ ಮಾತು ಆಮೇಲೆ. ಇದು ನನ್ನ ಖಚಿತ ಅಭಿಪ್ರಾಯ.

ಮಳೆ ಕಡಿಮೆ, ತೇವ ಹೆಚ್ಚು!

ಹುಕ್ಕೇರಿಯ ಪಶ್ಚಿಮ ಭಾಗವನ್ನು ಬಿಟ್ಟರೆ ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಮಲೆನಾಡಿನಂತೆ ಇಲ್ಲಿ ತಿಂಗಳುಗಟ್ಟಲೆ ಜಡಿಮಳೆ ಇಲ್ಲ. ಹಾಗಾದರೆ ನೆಲಕ್ಕೆ ಈ ತೇವ ಎಲ್ಲಿಂದ ಬರುತ್ತದೆ?

ಮೊದಲ ಕಾರಣ ಮಣ್ಣು ಮತ್ತು ನೀರಾವರಿ. ನಮ್ಮ ಅನೇಕ ಊರುಗಳು ಎರೆಮಣ್ಣಿನ ಮೇಲೆ ನಿಂತಿವೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ; ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಧೂಪದಾಳದ ಒಡ್ಡು, ಆಮೇಲೆ 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯ, ಅವುಗಳ ಕಾಲುವೆಗಳು ಈ ಸೀಮೆಗೆ ಅನ್ನ ಕೊಟ್ಟಿವೆ. ಆದರೆ ವರ್ಷವಿಡೀ ಕಬ್ಬಿಗೆ ನೀರು ಹಾಯಿಸುವ ಕಡೆ ಊರಿನ ನೆಲದಡಿಯ ಮಣ್ಣೂ ಹಸಿಯಾಗಿಯೇ ಉಳಿಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳು ಈ ನೀರನ್ನು ಮೇಲಕ್ಕೆ ಎಳೆಯುತ್ತವೆ.

ಎರಡನೆಯದು ರಸ್ತೆ. ಪ್ರತಿ ಸಲ ಡಾಂಬರು ಇಲ್ಲವೆ ಕಾಂಕ್ರೀಟು ಹಾಕುವಾಗ ಹಳೆಯದನ್ನು ಕೀಳದೆ ಅದರ ಮೇಲೆಯೇ ಹಾಕುತ್ತಾರೆ. ಹೀಗೆ ರಸ್ತೆ ಏರುತ್ತ ಹೋಗಿ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಿದ್ದ ಮನೆಗೆ ಈಗ ಇಳಿದು ಹೋಗಬೇಕಾಗಿದೆ. ಓಣಿಯ ನೀರೆಲ್ಲ ಗೋಡೆಯ ಬುಡಕ್ಕೆ ನಿಲ್ಲುತ್ತದೆ.

ಮೂರನೆಯದು ಹೊಳೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ನಗರದ ತಗ್ಗಿನ ಓಣಿಗಳಿಗೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿದ್ದನ್ನು ಯಾರೂ ಮರೆತಿಲ್ಲ. 2021ರ ಜುಲೈನಲ್ಲಿ, ಮತ್ತೆ 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮುಳುಗಿತು. ನೀರು ಇಳಿದ ಮೇಲೆ ಕೆಸರು ಬಳಿದು ಸುಣ್ಣ ಹಚ್ಚಿದರೆ ಮನೆ ಒಣಗಿದಂತೆ ಕಾಣುತ್ತದೆ. ಆದರೆ ನೀರು ಕುಡಿದ ಗೋಡೆ ಒಣಗಲು ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡದವರ ಅಂದಾಜು ಲೆಕ್ಕ. ನಮ್ಮ ಕಲ್ಲು-ಮಣ್ಣಿನ ಗೋಡೆಗಳು ಒಂದೂವರೆ, ಎರಡು ಅಡಿ ದಪ್ಪ. ಎಷ್ಟು ಕಾಲ ಬೇಕೆಂದು ನೀವೇ ಲೆಕ್ಕ ಹಾಕಿ. ಅಷ್ಟರೊಳಗೆ ಟೈಲ್ಸ್ ಹಾಕಿದರೆ ಆ ನೀರನ್ನು ಮನೆಯೊಳಗೇ ಬೀಗ ಹಾಕಿ ಇಟ್ಟಂತೆ.

ನಾಲ್ಕನೆಯ ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಮುಂಬಾಗಿಲು ದಾಟಿದ ಕೂಡಲೆ ದನ ಕಟ್ಟುವ ಜಾಗ. ಅಲ್ಲಿಂದ ಮೆಟ್ಟಿಲೇರಿದರೆ ಪಡಸಾಲೆ. ಈಗ ದನ ಹೊರಗೆ ಹೋಗಿವೆ. ಆ ಜಾಗ ಹಾಲ್ ಅಥವಾ ಮಲಗುವ ಕೋಣೆಯಾಗುತ್ತಿದೆ. ಆದರೆ ತಲೆಮಾರುಗಳ ಕಾಲ ಗಂಜಲ ಕುಡಿದ ಆ ಮಣ್ಣಿನಲ್ಲಿ ನೈಟ್ರೇಟ್ ಲವಣಗಳು ತುಂಬಿರುತ್ತವೆ. ಮಳೆಗಾಲದಲ್ಲಿ ಅಡುಗೆ ಉಪ್ಪು ನೀರೊಡೆಯುವುದಿಲ್ಲವೆ? ಹಾಗೆಯೇ ಈ ಲವಣಗಳೂ ಗಾಳಿಯಲ್ಲಿನ ತೇವವನ್ನು ಹೀರುತ್ತವೆ. ಆ ಮಣ್ಣನ್ನು ತೆಗೆಯದೆ ಮೇಲೆ ಏನು ಹಾಕಿದರೂ ನೆಲ ಹಸಿಯಾಗುತ್ತಲೇ ಇರುತ್ತದೆ.

ಥಂಡಿ ಮತ್ತು ತೇವ

ನೆಲದ ಥಂಡಿ, ನೆಲದ ತೇವ - ಇವೆರಡೂ ಅಕ್ಕತಂಗಿಯರು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒಣ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಹಸಿ ಮಣ್ಣಿನಲ್ಲಿ ಆ ಜಾಗದಲ್ಲಿ ನೀರಿರುತ್ತದೆ. ಆದ್ದರಿಂದ ಹಸಿ ನೆಲ ಮೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಗ್ರಾನೈಟ್ ಕಲ್ಲು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುವುದರಿಂದ ಒಂದೇ ಕೋಣೆಯಲ್ಲಿದ್ದರೂ ಮರದ ಹಲಗೆ ಬೆಚ್ಚಗೆ, ಗ್ರಾನೈಟ್ ಥಂಡಿ ಎನಿಸುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಸುತ್ತ ಇಳಿಯುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅದು ಮುಖ್ಯವಾಗಿ ನಮಗಿಂತ ಚಳಿ ಹೆಚ್ಚಿರುವ ನಾಡುಗಳಿಗೆ ಹೇಳಿದ ಮಾತಾದರೂ, ನೆಲದ ಮೇಲೆ ಚಾಪೆ ಹಾಸಿ ಮಲಗುವ ನಮ್ಮ ಮುದುಕರಿಗೂ ಹಸುಗೂಸುಗಳಿಗೂ ಆ ಮಾತು ಸಲ್ಲುತ್ತದೆ.

ಏನಾಗುತ್ತದೆ, ಏನಾಗುವುದಿಲ್ಲ

ಇಲ್ಲಿ ಕೆಲವು ತಪ್ಪು ತಿಳಿವಳಿಕೆಗಳನ್ನು ಬಿಡಿಸಬೇಕು. ಥಂಡಿ ನೆಲದ ಮೇಲೆ ಕಾಲಿಟ್ಟರೆ ನೆಗಡಿ ಬರುತ್ತದೆ ಎನ್ನುವುದು ಸರಿಯಲ್ಲ. ನೆಗಡಿ ವೈರಸ್‌ನಿಂದ ಬರುವ ರೋಗ. ಥಂಡಿ ನೆಲ ಸಂಧಿವಾತವನ್ನು ಹುಟ್ಟಿಸುವುದೂ ಇಲ್ಲ. ಆದರೆ ಮೊದಲೇ ಕೀಲುನೋವು ಇರುವವರಿಗೆ ಥಂಡಿಯಲ್ಲಿ ಬಿಗಿತ, ನೋವು ಹೆಚ್ಚಾಗುವುದನ್ನು ನಾವು ನಿತ್ಯ ನೋಡುತ್ತೇವೆ.

ತೇವದ ಮಾತು ಬೇರೆ. ತೇವವಿರುವಲ್ಲಿ ಬೂಸು ಬೆಳೆಯುತ್ತದೆ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ಸೇರಿ ಉಸಿರಿನೊಡನೆ ಒಳಗೆ ಹೋಗುತ್ತವೆ. ತೇವದ ಮನೆಯ ಹಾಸಿಗೆ, ಕೌದಿಗಳಲ್ಲಿ ಧೂಳಿನ ಹುಳುಗಳೂ ಹೆಚ್ಚುತ್ತವೆ. ಕಣ್ಣಿಗೆ ಸುಲಭವಾಗಿ ಕಾಣದ ಈ ಹುಳುಗಳೇ ಮನೆಯ ಧೂಳಿನ ಅಲರ್ಜಿಗೆ ದೊಡ್ಡ ಕಾರಣವೆಂದು 1964ರಲ್ಲಿ ನೆದರ್ಲೆಂಡ್ಸ್‌ನ ವೂರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್‌ಮಾ ತೋರಿಸಿಕೊಟ್ಟರು. ತೇವದ ಮನೆಗಳಲ್ಲಿ ಅವು ಹೆಚ್ಚೆಂಬುದನ್ನೂ ಅವರು ಕಂಡರು. ತೇವ ಹಾಗೂ ಬೂಸು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಶ್ವಾಸನಾಳದ ಸೋಂಕುಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ.

ಇನ್ನೊಂದು ಅಪಾಯ ನಾವೇ ತಂದುಕೊಳ್ಳುವಂಥದು. ಬಾಣಂತಿಯ ಕೋಣೆ ಥಂಡಿ ಎಂದು ಬಾಗಿಲು, ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಡುತ್ತೇವೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ತಾಯಿ, ಕೂಸು ಇಬ್ಬರ ಪ್ರಾಣಕ್ಕೂ ಎರವಾಗಬಲ್ಲದು. ಕೂಸಿಗೆ ಶಾಖ ಬೇಕು ನಿಜ. ಅದು ತಾಯಿಯ ಮೈಗೆ ಒತ್ತಿ ಹಿಡಿಯುವುದರಿಂದ, ಒಣಗಿದ ಬೆಚ್ಚನೆಯ ಬಟ್ಟೆ, ಟೊಪ್ಪಿಗೆಗಳಿಂದ, ಒಣ ನೆಲದಿಂದ ಸಿಗಬೇಕು. ಹಾಗೆಯೇ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಥಂಡಿಗೆಂದು ಕಾಲನ್ನು ಬೆಂಕಿಗೆ ಹಿಡಿದು ಸುಟ್ಟುಕೊಳ್ಳುವುದುಂಟು. ಅವರಿಗೆ ಕಾಲುಚೀಲವೇ ಔಷಧಿ.

ನ್ಯೂಜಿಲೆಂಡ್, ಮೆಕ್ಸಿಕೊ ಹೇಳುವುದೇನು

ನೆಲ ಸರಿಮಾಡಿಸಿದರೆ ನಿಜವಾಗಿಯೂ ಆರೋಗ್ಯ ಸುಧಾರಿಸುತ್ತದೆಯೆ? ಇದಕ್ಕೆ ಒಳ್ಳೆಯ ಉತ್ತರ ನ್ಯೂಜಿಲೆಂಡ್‌ನಿಂದ ಬಂದಿದೆ. ಅಲ್ಲಿ ಶ್ವಾಸದ ತೊಂದರೆಯವರಿದ್ದ 1350 ಬಡ ಕುಟುಂಬಗಳ ಹಳೆಯ ಮನೆಗಳನ್ನು ಆರಿಸಿ, ಅರ್ಧದಷ್ಟು ಮನೆಗಳಿಗೆ ಮೊದಲು ಕೆಲಸ ಮಾಡಿಸಿದರು: ಛತ್ತಿಗೆ ಶಾಖ ತಡೆಯುವ ಪದರ, ಮರದ ನೆಲದ ಅಡಿಗೆ ಹೊಳೆಯುವ ಕಾಗದ, ಅದರ ಕೆಳಗಿನ ಮಣ್ಣಿನ ಮೇಲೆ ಪಾಲಿಥಿನ್ ಹಾಳೆ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಲಗುವ ಕೋಣೆಯ ಉಷ್ಣತೆ ಹೆಚ್ಚಿದ್ದು ಅರ್ಧ ಡಿಗ್ರಿ ಮಾತ್ರ. ತೇವಾಂಶವೂ ಸ್ವಲ್ಪ ಇಳಿಯಿತು. ಅಷ್ಟಕ್ಕೇ ಉಬ್ಬಸದ ದೂರು, ಮಕ್ಕಳು ಶಾಲೆ ತಪ್ಪಿಸುವುದು, ದೊಡ್ಡವರು ಕೆಲಸ ತಪ್ಪಿಸುವುದು ಗಮನಾರ್ಹವಾಗಿ ಕಡಿಮೆಯಾದವು. ಅಲ್ಲಿನ ಮನೆಗಳ ರಚನೆ ಬೇರೆ, ಹವೆ ಬೇರೆ. ಆದರೆ ಸಣ್ಣ ಬದಲಾವಣೆ ಶ್ವಾಸಕೋಶಕ್ಕೆ ಸಣ್ಣದಲ್ಲ ಎಂಬ ಪಾಠ ನಮಗೂ ಅನ್ವಯಿಸುತ್ತದೆ.

"ನಮ್ಮ ಅಜ್ಜಿ ಸಗಣಿ ಸಾರಿಸಿದ ನೆಲದ ಮೇಲೇ ಮಲಗಿ ತೊಂಬತ್ತು ವರ್ಷ ಬದುಕಿದಳು" ಎನ್ನುವವರಿದ್ದಾರೆ. ಮಣ್ಣಿನ ನೆಲಕ್ಕೆ ಒಂದು ಗುಣವಿತ್ತು: ಕೆಳಗಿನಿಂದ ಬಂದ ತೇವ ಇಡೀ ನೆಲದಿಂದ ಸಮನಾಗಿ ಆರಿಹೋಗುತ್ತಿತ್ತು. ಹಾಗೆಂದು ಮಣ್ಣಿನ ನೆಲಕ್ಕೇ ಮರಳೋಣವೆಂದು ನಾನು ಹೇಳುವುದಿಲ್ಲ. ಮೆಕ್ಸಿಕೊ ದೇಶದಲ್ಲಿ ಸರ್ಕಾರ ಬಡವರ ಮನೆಗಳ ಮಣ್ಣಿನ ನೆಲಕ್ಕೆ ಸಿಮೆಂಟ್ ಹಾಕಿಸಿಕೊಟ್ಟ ಯೋಜನೆಯ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮಕ್ಕಳಲ್ಲಿ ಹೊಟ್ಟೆಹುಳು, ಭೇದಿ, ರಕ್ತಹೀನತೆ ಮೂರೂ ಬಹಳಷ್ಟು ಇಳಿದಿದ್ದವು. ಗಟ್ಟಿ ನೆಲ ಬೇಕು. ಆದರೆ ಕೆಳಗೆ ಏನನ್ನೂ ಮಾಡದೆ ಮೇಲೆ ಟೈಲ್ಸ್ ಅಂಟಿಸಿದಾಗ ಹಳೆಯ ನೆಲದ ಉಸಿರಾಟವೂ ಇಲ್ಲ, ಹೊಸ ನೆಲದ ತಡೆಯೂ ಇಲ್ಲ. ತೇವ ಸಂದುಗಳಿಂದಲೂ ಗೋಡೆಯ ಬುಡದಿಂದಲೂ ದಾರಿ ಹುಡುಕಿಕೊಳ್ಳುತ್ತದೆ.

ಮೊದಲು ಪರೀಕ್ಷೆ

ರೋಗಿಯನ್ನು ಪರೀಕ್ಷಿಸದೆ ಔಷಧಿ ಕೊಡಬಾರದು. ನೆಲಕ್ಕೂ ಅದೇ ನಿಯಮ. ನೆಲವನ್ನು ಒರೆಸಿ ಒಣಗಿಸಿ. ಎರಡು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಅಡಿಭಾಗದಲ್ಲಿ ಹನಿ ಕಟ್ಟಿದ್ದರೆ ಅಥವಾ ಅಲ್ಲಿನ ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲ್ಭಾಗ ಒದ್ದೆಯಾಗಿದ್ದರೆ ಅದು ಗಾಳಿಯ ತೇವ ಥಂಡಿ ನೆಲಕ್ಕೆ ತಾಗಿ ಬೆವರಿದ್ದು. ಅದಕ್ಕೆ ನೆಲ ಅಗೆಯುವ ಅಗತ್ಯವಿಲ್ಲ, ಗಾಳಿಯಾಡಲು ಬಿಟ್ಟು ಒಳಗೆ ಬಟ್ಟೆ ಒಣಗಿಸುವುದನ್ನು ನಿಲ್ಲಿಸಿದರೆ ಬಹುಪಾಲು ಸರಿಹೋಗುತ್ತದೆ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಸಮಾಧಾನಪಡಬೇಡಿ, ಮಳೆಗಾಲದಲ್ಲಿ ಮಾಡಿ.

ಗೌಂಡಿಗೆ ಹೇಳಬೇಕಾದದ್ದು

ಕೆಲಸ ಹೊರಗಿನಿಂದ ಶುರುವಾಗಬೇಕು. ಮಾಳಿಗೆಯ ನೀರು, ಬಚ್ಚಲ ನೀರು ಗೋಡೆಯ ಬುಡಕ್ಕೆ ಬೀಳದಂತೆ ಮಾಡಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಲಿ. ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರಿರಲಿ.

ಆಮೇಲೆ ಒಳಗೆ ಅಗೆಯುವುದು. ಹಳೆಯ ಬಾಗಿಲುಗಳು ಗಿಡ್ಡ. ನೆಲ ಎತ್ತರಿಸಿದರೆ ತಲೆ ತಾಗುತ್ತದೆ ಎಂದೇ ಬಹಳ ಜನ ಇದ್ದುದರ ಮೇಲೆ ಟೈಲ್ಸ್ ಅಂಟಿಸಿ ಮುಗಿಸುತ್ತಾರೆ. ಒಂದೂವರೆ ಅಡಿ ಅಗೆದರೆ ಆ ತೊಡಕೂ ಇಲ್ಲ, ಎರೆಮಣ್ಣು, ಗಂಜಲದ ಮಣ್ಣು ಹೊರಗೆ ಹೋಗುತ್ತವೆ. ಆದರೆ ಗೋಡೆಯ ಬುನಾದಿ ಎಷ್ಟು ಆಳವಿದೆಯೆಂದು ತಿಳಿದವರಿಂದ ನೋಡಿಸಿಯೇ ಅಗೆಯಿರಿ. ಮಾರ್ಚ್‌ನಿಂದ ಮೇ ಒಳಗೆ ಈ ಕೆಲಸ ಮಾಡಿಸಿ, ಕೆಲವು ವಾರ ಹಾಗೆಯೇ ಆರಲು ಬಿಡಿ.

ತುಂಬುವಾಗ ಗೆದ್ದಲಿಗೆ ಔಷಧಿ ಹೊಡೆಸಿ, ಆರಾರು ಇಂಚಿನಂತೆ ಮುರುಮ್ ಹಾಕಿ ಬಡಿಸಬೇಕು. ಅದರ ಮೇಲೆ 4ರಿಂದ 6 ಇಂಚು ದಪ್ಪ ದೊಡ್ಡ ಖಡಿ. ಅದರಲ್ಲಿ ಪುಡಿ, ಮಣ್ಣು ಇರಬಾರದು. ಖಡಿಯ ನಡುವಿನ ಖಾಲಿ ಜಾಗವೇ ತೇವ ಏರುವ ದಾರಿಯನ್ನು ತುಂಡರಿಸುತ್ತದೆ. ಹಾಳೆ ಹರಿಯದಂತೆ ಮೇಲೆ ತೆಳುವಾಗಿ ಉಸುಕು, ಅದರ ಮೇಲೆ 250 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ. ಒಂದು ಹಾಳೆಯ ಮೇಲೆ ಇನ್ನೊಂದು ಅರ್ಧ ಅಡಿ ಬಂದು ಟೇಪ್ ಹಚ್ಚಿರಬೇಕು, ಗೋಡೆಯ ಬಳಿ ಮೇಲಕ್ಕೆ ಮಡಿಚಿರಬೇಕು. ಆಮೇಲೆ 3-4 ಇಂಚು ಕಾಂಕ್ರೀಟು, ಕೊನೆಗೆ ನಿಮ್ಮ ಇಷ್ಟದ ಫರ್ಶಿ. ಈ ಹಾಳೆಗೆ ತಗಲುವ ಹಣ ಟೈಲ್ಸ್ ಹಣದ ಒಂದು ಸಣ್ಣ ಪಾಲು.

ಗೋಡೆಯನ್ನು ಮರೆಯಬಾರದು. ನೆಲಕ್ಕೆ ಹಾಳೆ ಹಾಕಿದಾಗ ಅಡಿಯ ತೇವ ಗೋಡೆಯ ಕಡೆ ಸರಿಯುವುದುಂಟು. ಹಳೆಯ ಕಲ್ಲು-ಮಣ್ಣಿನ ಗೋಡೆಗಳಲ್ಲಿ ತೇವ ತಡೆಯುವ ಪದರವೇ ಇರುವುದಿಲ್ಲ. ಆದ್ದರಿಂದ ಬುಡದ ಮೂರ್ನಾಲ್ಕು ಅಡಿಗೆ ಸಿಮೆಂಟ್ ಗಿಲಾವು, ಎಣ್ಣೆಬಣ್ಣ ಬೇಡ. ಸುಣ್ಣದ ಗಾರೆ, ಸುಣ್ಣದ ಬಣ್ಣವಿದ್ದರೆ ಗೋಡೆ ಆರುತ್ತದೆ.

ಇನ್ನು ಶಾಖ ತಡೆಯುವ ಹಲಗೆಯ ಮಾತು. ಚಳಿದೇಶಗಳಲ್ಲಿ ಇಡೀ ನೆಲದಡಿಗೆ ದಪ್ಪನೆಯ ಫೋಮ್ ಹಲಗೆ ಹಾಕುತ್ತಾರೆಂದು ನಾವೂ ಹಾಗೆಯೇ ಮಾಡಬೇಕಿಲ್ಲ. ಏಪ್ರಿಲ್, ಮೇ ತಿಂಗಳ ಸುಡುಬಿಸಿಲಿನಲ್ಲಿ ನೆಲದ ತಂಪೇ ನಮಗೆ ಆಸರೆ. ಮುದುಕರು, ಬಾಣಂತಿಯರು, ಉಬ್ಬಸದವರು ಮಲಗುವ ಒಂದು ಕೋಣೆಗೆ ಮಾತ್ರ ಹಾಳೆಯ ಮೇಲೆ, ಕಾಂಕ್ರೀಟಿನ ಕೆಳಗೆ ಒಂದಿಂಚಿನ ಗಟ್ಟಿ ಫೋಮ್ ಹಲಗೆ ಹಾಕಿಸಿದರೆ ಸಾಕು. ಉಳಿದ ಕಡೆ ನೆಲ ಒಣಗಿದ್ದರೆ ಅರ್ಧ ಥಂಡಿ ಹೋದಂತೆಯೇ. ಮೇಲಿನ ಫರ್ಶಿ ಒರಟಾಗಿರಲಿ. ನುಣ್ಣನೆಯ ಟೈಲ್ಸ್ ಬೆವರಿದ ದಿನ ಅದರ ಮೇಲೆ ಜಾರಿ ತೊಡೆಯ ಮೂಳೆ ಮುರಿದುಕೊಂಡ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ.

ಅಗೆಸುವ ಶಕ್ತಿ ಇಲ್ಲದವರು ಏನು ಮಾಡಬೇಕು? ಹೊರಗಿನ ನೀರು ತಿರುಗಿಸುವುದಕ್ಕೆ ಹಣಕ್ಕಿಂತ ಒಂದು ದಿನದ ದುಡಿಮೆ ಸಾಕು. ನೆಲದ ಬದಲು ಹೊರಸಿನ ಮೇಲೆ ಮಲಗಿ. ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಕೌದಿ, ಚಾಪೆಗಳನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಉಬ್ಬಸದವರು ನೆಲ ಸರಿಯಾಯಿತೆಂದು ಇನ್‌ಹೇಲರ್ ಬಿಡಬಾರದು. ಅದನ್ನು ವೈದ್ಯರೇ ತೀರ್ಮಾನಿಸಬೇಕು.

ಸರ್ಕಾರಕ್ಕೂ ಒಂದು ಮಾತು. 2019ರ ಪ್ರವಾಹದಲ್ಲಿ ಪೂರ್ಣ ಬಿದ್ದ ಮನೆಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ವಸತಿ ಯೋಜನೆಗಳಲ್ಲಿ ಕಂತಿನ ಹಣ ಬುನಾದಿ, ಲಿಂಟಲ್, ಛಾವಣಿ ಎಂದು ಹಂತ ನೋಡಿ ಬಿಡುಗಡೆಯಾಗುತ್ತದೆ. ಬುನಾದಿಯ ಫೋಟೊ ತೆಗೆಯುವಾಗಲೇ ನೆಲದ ಮಟ್ಟ ರಸ್ತೆಗಿಂತ ಎಷ್ಟು ಮೇಲಿದೆ, ತೇವ ತಡೆಯುವ ಪದರ ಬಿದ್ದಿದೆಯೆ ಎಂದೂ ನೋಡಬೇಕು. ಪಂಚಾಯಿತಿ, ಪುರಸಭೆ, ನಗರಸಭೆಗಳು ರಸ್ತೆ ಮಾಡಿಸುವಾಗ ಹಳೆಯ ಪದರ ಕಿತ್ತು ಹಾಕಿಸಬೇಕು. ಇವೆರಡಕ್ಕೆ ಹೊಸ ಕಾನೂನು ಬೇಕಿಲ್ಲ, ನೋಡುವ ಕಣ್ಣು ಬೇಕು.

ಮನೆ ಕಟ್ಟುವ ನಮ್ಮ ಜನ ಜಿಪುಣರಲ್ಲ. ಬಾಗಿಲಿನ ಕೆತ್ತನೆಗೆ, ದೇವರ ಮನೆಯ ಕಲ್ಲಿಗೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ನೆಲದ ಕೆಳಗಿನ ಕೆಲಸ ಕಾಣಿಸುವುದಿಲ್ಲ, ಅದನ್ನು ಯಾರೂ ಹೊಗಳುವುದೂ ಇಲ್ಲ. ಆದರೆ ಟೈಲ್ಸ್ ಒಮ್ಮೆ ಬಿದ್ದ ಮೇಲೆ ಅದನ್ನು ಕಿತ್ತು ಹಾಕಿಸುವ ಮನಸ್ಸೂ ಹಣವೂ ಯಾರಿಗೂ ಇರುವುದಿಲ್ಲ. ಆ ಮನೆಯ ಮಕ್ಕಳು ಮುಂದಿನ ಇಪ್ಪತ್ತು, ಮೂವತ್ತು ವರ್ಷ ಅದೇ ನೆಲದ ಮೇಲೆ ಮಲಗುತ್ತಾರೆ. ಟೈಲ್ಸ್ ಅಂಗಡಿಗೆ ಹೋಗುವ ಮುನ್ನ ಗೌಂಡಿಯನ್ನು ಕೂರಿಸಿಕೊಂಡು ನೆಲದಡಿಯ ಲೆಕ್ಕ ಬರೆಸಿ.